ಗುಂಡಿಗೆ ಬಿದ್ದ ಮೇಲೆ ಮಸ್ಟಾಂಗ್ ಸ್ಟಾರ್ಟ್ ಆಗ್ತಿಲ್ಲ, ಡಿಕ್ಕಿಯ ಕೆಂಪು ಬಟನ್ ಒತ್ತಲಾ?

ಪ್ರಶ್ನೆ:
ಮೆಕ್ಯಾನಿಕ್ ಸರ್, ನಮಸ್ಕಾರ. ನನ್ನದು 2003ರ ಫೋರ್ಡ್ ಮಸ್ಟಾಂಗ್ ಜಿಟಿ. ಇರುವುದು ಮಿಶಿಗನ್‌ನ ಟ್ರಾಯ್‌ನಲ್ಲಿ. ನಿನ್ನೆ ರಾತ್ರಿ ಮಳೆ, ನೀರು ತುಂಬಿದ್ದ ಗುಂಡಿ ಕಾಣಲಿಲ್ಲ. ಹಿಂದಿನ ಎಡ ಚಕ್ರ ಧಡ್ ಅಂತ ಬಿತ್ತು, ಆಮೇಲೆ ಎಂಜಿನ್ ಆಫ್. ಏರ್‌ಬ್ಯಾಗ್ ತೆರೆದುಕೊಂಡಿಲ್ಲ. ಲೈಟು, ರೇಡಿಯೊ ಎಲ್ಲ ಸರಿ ಇದೆ. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಟೋ ಮಾಡಿಸಿ ಮನೆ ಮುಂದೆ ನಿಲ್ಲಿಸಿದ್ದೇನೆ. ಟೋ ಟ್ರಕ್‌ನವರು ಫ್ಯುಯೆಲ್ ಪಂಪ್ ಹೋಗಿದೆ ಅಂದರು. ಗೆಳೆಯರೊಬ್ಬರು ಡಿಕ್ಕಿಯಲ್ಲಿ ಕೆಂಪು ಬಟನ್ ಇರುತ್ತದೆ, ಒತ್ತಿದರೆ ಮುಗಿಯಿತು ಅಂತಾರೆ. ಒತ್ತಲಾ?

ಉತ್ತರ (ಮೆಕ್ಯಾನಿಕ್):
ಒತ್ತಿ, ಆದರೆ ಈಗಲೇ ಬೇಡ. ಮೊದಲು ಕಾರಿನ ಕೆಳಗೆ ನೋಡಿ.

ನಿಮ್ಮ ಗೆಳೆಯರು ಹೇಳುತ್ತಿರುವುದು ಇನರ್ಷಿಯಾ ಸ್ವಿಚ್ ಬಗ್ಗೆ. ಅದರೊಳಗೆ ಒಂದು ಉಕ್ಕಿನ ಗುಂಡು ಇರುತ್ತದೆ. ಕೆಳಗಿರುವ ಅಯಸ್ಕಾಂತ ಅದನ್ನು ಹಿಡಿದಿಟ್ಟಿರುತ್ತದೆ. ಜೋರಾಗಿ ಏಟು ಬಿದ್ದರೆ ಗುಂಡು ಬಿಡಿಸಿಕೊಂಡು, ಲಾಳಿಕೆಯಂಥ ಇಳಿಜಾರನ್ನು ಹತ್ತಿ ಮೇಲಿನ ತಟ್ಟೆಗೆ ಬಡಿಯುತ್ತದೆ. ಆಗ ಫ್ಯುಯೆಲ್ ಪಂಪ್‌ಗೆ ಹೋಗುವ ಕರೆಂಟ್ ಕಟ್, ಬಟನ್ ಮೇಲಕ್ಕೆ. ಸ್ವಿಚ್ ಬೀಳುವುದು ಅಂದರೆ ಇದೇ. ಕಂಪ್ಯೂಟರ್ ಏನೂ ಇಲ್ಲ, ಏರ್‌ಬ್ಯಾಗ್‌ಗೂ ಇದಕ್ಕೂ ಸಂಬಂಧ ಇಲ್ಲ. ಅದಕ್ಕೇ ಏರ್‌ಬ್ಯಾಗ್ ತೆರೆಯದೆಯೂ ಕಾರು ನಿಂತಿದೆ. ಪಂಪ್ ಹೋಗಿದೆ ಅಂತ ಈಗಲೇ ದುಡ್ಡು ಸುರಿಯಬೇಡಿ.

ಇದನ್ನು ಯಾಕೆ ಇಟ್ಟಿದ್ದಾರೆ ಗೊತ್ತಾ? ನಿಮ್ಮ ಕಾರಿನಲ್ಲಿ ಟ್ಯಾಂಕ್ ಇರುವುದು ಹಿಂದೆ, ಡಿಕ್ಕಿಯ ಕೆಳಗೆ. ಪಂಪ್ ಟ್ಯಾಂಕಿನೊಳಗೆ. ಅಲ್ಲಿಂದ ಎಂಜಿನ್ ತನಕ ಪೈಪು ಕಾರಿನ ಅಡಿಯಲ್ಲೇ ಹೋಗುತ್ತದೆ. ಏಟಿಗೆ ಪೈಪ್ ಒಡೆದಿದ್ದು ಪಂಪ್ ಓಡುತ್ತಲೇ ಇದ್ದರೆ, ಪೆಟ್ರೋಲ್ ಬಿಸಿ ಸೈಲೆನ್ಸರ್ ಮೇಲೆ ಚಿಮ್ಮುತ್ತದೆ. ನಿಮಗೆ ಏಟು ಬಿದ್ದಿರುವುದೂ ಹಿಂದಿನ ಚಕ್ರಕ್ಕೇ ಅಲ್ವಾ?

ಹಾಗಾಗಿ ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಮೊಬೈಲ್ ಟಾರ್ಚ್ ಹಿಡಿದು ಪಕ್ಕದಿಂದ ಬಗ್ಗಿ ನೋಡಿ. ಜಾಕ್ ಹಾಕಿ ಕೆಳಗೆ ನುಗ್ಗುವುದು ಬೇಡವೇ ಬೇಡ. ನೆಲದ ಮೇಲೆ ಒದ್ದೆ ಇದೆಯಾ, ಟ್ಯಾಂಕ್ ನಗ್ಗಿದೆಯಾ, ಟ್ಯಾಂಕ್ ಹಿಡಿದಿರುವ ಪಟ್ಟಿ ಜಾರಿದೆಯಾ, ಆ ಪೈಪಿನಲ್ಲಿ ಪೆಟ್ರೋಲ್ ಸೋಸುವ ಫ್ಯುಯೆಲ್ ಫಿಲ್ಟರ್‌ನ ಎರಡೂ ತುದಿ ಒಣಗಿವೆಯಾ ನೋಡಿ. ಪೆಟ್ರೋಲ್ ವಾಸನೆ ಚೂರು ಬಂದರೂ ಅಲ್ಲಿಗೇ ನಿಲ್ಲಿಸಿ, ಸ್ವಿಚ್ ಮುಟ್ಟಬೇಡಿ, ಗ್ಯಾರೇಜಿಗೆ ಕಳಿಸಿ.

ಎಲ್ಲ ಒಣಗಿದ್ದರೆ ಡಿಕ್ಕಿ ತೆಗೆಯಿರಿ. ಎಡಗಡೆ, ಟೇಲ್ ಲ್ಯಾಂಪ್ ಹತ್ತಿರ, ಬಟ್ಟೆಯ ಲೈನಿಂಗ್ ಹಿಂದೆ ಸ್ವಿಚ್ ಇದೆ. ಬಟನ್ ಮೇಲೆದ್ದಿದ್ದರೆ ಪೂರ್ತಿ ಕೆಳಗೆ ಒತ್ತಿ. ಆಮೇಲೆ ಸೆಲ್ಫ್ ಹೊಡೆಯದೆ ಕೀ ಆನ್ ಮಾತ್ರ ಮಾಡಿ. ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡ್ ಗುಂಯ್ ಅನ್ನುವ ಸದ್ದು ಕೇಳಬೇಕು. ಅದೇ ಪಂಪ್. ಕೀ ಆಫ್ ಮಾಡಿ, ಮತ್ತೆ ಇಳಿದು ಕೆಳಗೆ ನೋಡಿ.

ಈ ಎರಡನೇ ಸಲ ನೋಡುವುದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಪಂಪ್ ನಿಂತಿರುವಾಗ ಬಿರುಕು ಬಿಟ್ಟ ಪೈಪ್ ಒಣಗಿಯೇ ಕಾಣಬಹುದು. ಒತ್ತಡ ಬಂದ ಮೇಲೇ ತೊಟ್ಟಿಕ್ಕಲು ಶುರು. ಎರಡನೇ ಸಲವೂ ಒಣಗಿದ್ದರೆ ಸ್ಟಾರ್ಟ್ ಮಾಡಿ.

ಬಟನ್ ಮೇಲೆದ್ದಿರದಿದ್ದರೆ ತೊಂದರೆ ಬೇರೆ ಕಡೆ ಇದೆ. ಫ್ಯೂಸ್, ವೈರಿಂಗ್, ಕೊನೆಗೆ ಪಂಪ್, ಈ ಕ್ರಮದಲ್ಲಿ ನೋಡಿಸಿ. ಡ್ಯಾಶ್‌ಬೋರ್ಡಿನ ಥೆಫ್ಟ್ ಲೈಟ್ ಪಟಪಟ ಮಿನುಗುತ್ತಿದ್ದರೆ ಅದು ಕಾರು ಕೀಯನ್ನು ಗುರುತಿಸದ ತಕರಾರು, ಸ್ವಿಚ್‌ದಲ್ಲ.

ಪ್ರಶ್ನೆ ಕೇಳಿದವರು:
ಸರ್, ಬಟನ್ ಮೇಲೆದ್ದಿತ್ತು! ನೀವು ಹೇಳಿದ ಹಾಗೇ ಮಾಡಿದೆ, ಎರಡೂ ಸಲ ಒಣಗಿತ್ತು. ಸ್ಟಾರ್ಟ್ ಆಯಿತು. ಆದರೆ ಬೀದಿ ಕೊನೆ ತನಕ ಓಡಿಸಿದರೆ ಹಿಂದೆ ಏನೋ ಅದುರುತ್ತಿದೆ.

ಉತ್ತರ (ಮೆಕ್ಯಾನಿಕ್):
ಹೈವೇಗೆ ಹೋಗಬೇಡಿ. ಸ್ವಿಚ್ ಬೀಳುವಷ್ಟು ಏಟು ಅಂದರೆ ಚಕ್ರಕ್ಕೂ ಬಿದ್ದಿರುತ್ತದೆ. ಮೊದಲು ರಿಮ್ ಬೆಂಡ್ ಆಗಿದೆಯಾ, ಟೈರಿನ ಪಕ್ಕದಲ್ಲಿ ಗುಳ್ಳೆ ಎದ್ದಿದೆಯಾ ನೋಡಿ. ಒಳಮೈ ಕಡೆಯೂ ನೋಡಬೇಕು, ಗುಳ್ಳೆ ಅಲ್ಲಿದ್ದರೆ ಹೊರಗಿನಿಂದ ಕಾಣುವುದಿಲ್ಲ. ಗುಳ್ಳೆ ಇದ್ದರೆ ಆ ಟೈರು ಮುಗಿಯಿತು, ರಿಪೇರಿ ಇಲ್ಲ. ನಿಮ್ಮ ಜಿಟಿಗೆ ಹಿಂದೆ ಎರಡೂ ಚಕ್ರ ಸೇರಿಸುವ ಒಂದೇ ಗಟ್ಟಿ ಆಕ್ಸಲ್. ಮುಂದಿನ ಚಕ್ರದ ಹಾಗೆ ಅಲೈನ್‌ಮೆಂಟ್ ತಿರುಗಿಸಿ ಸರಿ ಮಾಡಲು ಅಲ್ಲಿ ಏನೂ ಇಲ್ಲ. ರಿಮ್ ಸರಿ ಇದ್ದೂ ಅದುರಿದರೆ ಶಾಕ್, ಆಕ್ಸಲ್ ಹಿಡಿದಿರುವ ಕಂಟ್ರೋಲ್ ಆರ್ಮ್‌ನ ಬುಷ್, ಆಕ್ಸಲ್ ನೋಡಿಸಿ. ಅಂದಹಾಗೆ ಈ ಕಾರು ತಯಾರಾಗಿದ್ದು ನಿಮ್ಮ ಹತ್ತಿರದ ಡಿಯರ್‌ಬಾರ್ನ್‌ನಲ್ಲೇ. ಇದನ್ನು ಬಲ್ಲ ಹಳೇ ಮೆಕ್ಯಾನಿಕ್‌ಗಳಿಗೆ ಅಲ್ಲಿ ಬರ ಇಲ್ಲ.

ಇನ್ನೊಬ್ಬರು:
ನನ್ನ ಹಳೇ ಮಸ್ಟಾಂಗ್‌ನಲ್ಲಿ ಸಣ್ಣ ಉಬ್ಬಿಗೂ ಈ ಸ್ವಿಚ್ ಬೀಳುತ್ತೆ. ಎರಡು ವೈರು ಸೇರಿಸಿ ಬೈಪಾಸ್ ಮಾಡಿದರೆ ಏನು ತಪ್ಪು?

ಉತ್ತರ (ಮೆಕ್ಯಾನಿಕ್):
ತಪ್ಪೇ. ಮುಂದೆ ನಿಜವಾದ ಆಕ್ಸಿಡೆಂಟ್ ಆದ ದಿನ ಪಂಪ್ ನಿಲ್ಲದೆ ಹೋಗಬಹುದು. ಸ್ಕ್ರೂ ಸಡಿಲ ಆಗಿ ಸ್ವಿಚ್ ಅಲ್ಲಾಡುತ್ತಿದೆಯಾ ನೋಡಿ. ಗಟ್ಟಿ ಇದ್ದೂ ಬೀಳುತ್ತಿದ್ದರೆ ಹೊಸದು ಹಾಕಿ, ದೊಡ್ಡ ಖರ್ಚಲ್ಲ. ಡಿಕ್ಕಿಯಲ್ಲಿ ಏನು ತುಂಬಿದ್ದೀರಿ ಅಂತಲೂ ನೋಡಿಕೊಳ್ಳಿ. ಸಬ್‌ವೂಫರ್ ಪೆಟ್ಟಿಗೆ, ಇಂಡಿಯನ್ ಸ್ಟೋರಿನ ಸೋನಾ ಮಸೂರಿ ಮೂಟೆ ತಿರುವಿನಲ್ಲಿ ಜಾರಿ ಸ್ವಿಚ್ ಇರುವ ಎಡಗಡೆ ಗೋಡೆಗೆ ಬಡಿದರೂ ಸ್ವಿಚ್ ಬೀಳುತ್ತದೆ. ಕಾರಿನ ಮೇಲೆ ತಪ್ಪು ಹೊರಿಸುವ ಮೊದಲು ಅಕ್ಕಿ ಮೂಟೆ ಬಲಗಡೆ ಇಡಿ.

ಮತ್ತೊಬ್ಬರು:
ನನ್ನದು 2015ರ ಮಸ್ಟಾಂಗ್. ಇಡೀ ಡಿಕ್ಕಿ ಹುಡುಕಿದೆ, ಬಟನ್ನೇ ಸಿಗಲಿಲ್ಲ.

ಉತ್ತರ (ಮೆಕ್ಯಾನಿಕ್):
ಇಲ್ಲದ್ದು ಹೇಗೆ ಸಿಗುತ್ತದೆ! ನಿಮ್ಮ ಕಾರಿನಲ್ಲಿ ಆ ಕೆಲಸವನ್ನು ಸೆನ್ಸರ್ ಮತ್ತು ಕಂಪ್ಯೂಟರ್ ನೋಡಿಕೊಳ್ಳುತ್ತವೆ. ಇಗ್ನಿಷನ್ ಆಫ್ ಮಾಡಿ, ಆನ್ ಮಾಡಿ, ಮತ್ತೊಮ್ಮೆ ಆಫ್ ಮಾಡಿ ಆನ್ ಮಾಡಿ. ಅದೇ ರೀಸೆಟ್. ನಿಮ್ಮ ಮ್ಯಾನುವಲ್‌ನಲ್ಲೂ ಕೊಟ್ಟಿರುತ್ತಾರೆ, ಒಮ್ಮೆ ಓದಿಕೊಳ್ಳಿ. ಬಟನ್ ಇಲ್ಲ ಅಂತ ಬಗ್ಗಿ ನೋಡುವ ಕೆಲಸ ತಪ್ಪುವುದಿಲ್ಲ, ಕೀ ಮುಟ್ಟುವ ಮೊದಲೊಮ್ಮೆ, ಆನ್ ಮಾಡಿದ ಮೇಲೊಮ್ಮೆ.