ಸ್ಪ್ಯಾನಿಷ್ ಗಿಟಾರ್ ಇರೋ ಸಿನಿಮಾ ಸಂಗೀತ: ಎಲ್ಲಿಂದ ಶುರು ಮಾಡ್ಲಿ? ಅನುಭವ ಇರೋರು ಹೇಳಿ

ಪ್ರಶ್ನೆ, ಮಂಡ್ಯದಿಂದ:

ಎಲ್ರಿಗೂ ನಮಸ್ಕಾರ. ಹೋದ ಭಾನುವಾರ ಮೈಸೂರಲ್ಲಿ ಭಾವನ ಮನೇಲಿ ‘ಡೆಸ್ಪೆರಾಡೊ’ ನೋಡಿದ್ವಿ. ಗುಂಡಿನ ಕಾಳಗ ಎಲ್ಲಾ ಹಾಗಿರ್ಲಿ, ಶುರುವಲ್ಲಿ ಹೆಸರುಗಳು ಬರೋ ಹೊತ್ತಲ್ಲಿ ಹೀರೋ ಗಿಟಾರ್ ಹಿಡಿದು ಹಾಡ್ತಾನಲ್ಲ, ಅದು ಇನ್ನೂ ತಲೇಲಿ ಸುತ್ತುತ್ತಾ ಇದೆ. ಮನೆಗೆ ಬಂದು ಫೋನಲ್ಲಿ ಆಲ್ಬಂ ಹಾಕಿದೆ. ಅರ್ಧಕ್ಕರ್ಧ ರಾಕ್ ಹಾಡುಗಳು, ನಂಗೆ ಬೇಕಿದ್ದ ಗಿಟಾರ್ ಅಲ್ಲೊಂದು ಇಲ್ಲೊಂದು. ಸರಿ ಅಂತ ‘ಸ್ಪ್ಯಾನಿಷ್ ಗಿಟಾರ್’ ಅಂತ ಹುಡುಕಿ ಸಿಕ್ಕಿದ ಒಂದು ಪಟ್ಟಿ ಹಾಕಿದ್ರೆ ಸ್ವಲ್ಪ ಹೊತ್ತಿಗೆಲ್ಲಾ ಒಂದೇ ಥರ ಕೇಳ್ಸೋಕೆ ಶುರುವಾಯ್ತು. ಮಗಳು ವೀಣೆ ಕಲೀತಿದಾಳೆ, ಪಕ್ಕದಲ್ಲಿ ಕೂತು “ಅಪ್ಪ, ಇದು ತೋಡಿ ರಾಗದ ಥರ ಇದೆ” ಅಂದ್ಳು. ಹೌದಾ? ಈ ಸಂಗೀತಾನ ಸರಿಯಾಗಿ ಕೇಳೋದು ಹೇಗೆ, ಯಾವ ಸಿನಿಮಾ, ಯಾವ ಆಲ್ಬಂ ಹಿಡೀಬೇಕು, ದಯವಿಟ್ಟು ತಿಳಿಸಿ.

ಸರಸ್ವತಿಪುರಂ, ಗಿಟಾರ್ ಕಲಿಸ್ತೀನಿ:

ಸರ್, ಮೊದ್ಲು ಒಂದು ಗಂಟು ಬಿಚ್ಕೊಳ್ಳಿ. ನೀವು ನೋಡಿದ್ದು ಸ್ಪೇನ್ ಅಲ್ಲ, ಮೆಕ್ಸಿಕೊ. ಆ ಹಾಡು ಹಾಡಿರೋದು ಹೀರೋ ಆಂಟೋನಿಯೊ ಬಾಂಡೆರಾಸೇ, ಜೊತೆಗೆ ನುಡಿಸಿರೋದು ಲಾಸ್ ಏಂಜಲೀಸಿನ ಲೋಸ್ ಲೋಬೋಸ್ ಅನ್ನೋ ತಂಡ, ಅವರ ಬೇರು ಮೆಕ್ಸಿಕೊದ್ದು. ಸಿನಿಮಾ 1995ರದ್ದು. ಅದರ ‘ಮರಿಯಾಚಿ ಸ್ವೀಟ್’ ಅನ್ನೋ ವಾದ್ಯಸಂಗೀತಕ್ಕೆ ಗ್ರಾಮಿ ಪ್ರಶಸ್ತಿ ಕೂಡ ಬಂತು. ಸ್ಪೇನಿನವರು ಆಳೋಕೆ ಹೋದಾಗ ಗಿಟಾರ್ ಜೊತೇಲೇ ಮೆಕ್ಸಿಕೊಗೆ ಹೋಯ್ತು, ಅಲ್ಲಿ ಬೇರೆ ದಾರಿ ಹಿಡೀತು. ಗಿಟಾರೋನ್ ಅಂತ ದೊಡ್ಡ ಹೊಟ್ಟೆಯ ಮಂದ್ರ ವಾದ್ಯ, ವಿಹುವೇಲ ಅಂತ ಚಿಕ್ಕದು, ಕಹಳೆ, ಪಿಟೀಲು, ಇವೆಲ್ಲಾ ಸೇರಿದ್ರೆ ಮರಿಯಾಚಿ. ನೀವು ‘ಸ್ಪ್ಯಾನಿಷ್ ಗಿಟಾರ್’ ಅಂತ ಹುಡುಕಿದಾಗ ಬಂದಿದ್ದು ಇದ್ಯಾವುದೂ ಅಲ್ಲ. ಒಂದಿಷ್ಟು ಫ್ಲಾಮೆಂಕೊ (ದಕ್ಷಿಣ ಸ್ಪೇನಿನ ಹಾಡು-ಕುಣಿತದ ಸಂಗೀತ), ಒಂದಿಷ್ಟು ಕ್ಲಾಸಿಕಲ್, ಒಂದಿಷ್ಟು ಹೋಟೆಲ್ ಲಾಬೀಲಿ ಹಾಕೋ ಸಂಗೀತ, ಎಲ್ಲಾ ಒಟ್ಟಿಗೆ. ಅದಕ್ಕೇ ಯಾವುದೂ ಮನಸ್ಸಲ್ಲಿ ನಿಲ್ಲಲಿಲ್ಲ.

ಎರಡನೇದು, ಬಲಗೈಯನ್ನ ಕೇಳಿ. ನಮ್ಮ ಕಿವಿ ಯಾವಾಗ್ಲೂ ರಾಗದ ಹಿಂದೆ ಹೋಗುತ್ತೆ, ಅಂದ್ರೆ ಎಡಗೈ ಬೆರಳು ಎಲ್ಲಿ ಒತ್ತುತ್ತೆ ಅನ್ನೋದರ ಹಿಂದೆ. ಫ್ಲಾಮೆಂಕೊದ ಜೀವ ಇರೋದು ಬಲಗೈಯಲ್ಲಿ. ‘ರಸ್ಗೆಯಾದೊ’ ಅಂತ ಒಂದು ಪಟ್ಟು ಇದೆ. ಬೆರಳುಗಳನ್ನ ಅಂಗೈ ಕಡೆ ಮಡಚಿ, ಕಿರುಬೆರಳಿಂದ ಶುರು ಮಾಡಿ ಒಂದೊಂದನ್ನೇ ಬಿಚ್ಚುತ್ತಾ ಉಗುರಿನ ಹೊರಮೈಯಿಂದ ತಂತಿಗಳ ಮೇಲೆ ಎಸೀತಾರೆ. ಒಂದೇ ಬೀಸು ಅನ್ಸುತ್ತೆ, ಕಿವಿಗೊಟ್ರೆ ನಾಲ್ಕು ಪೆಟ್ಟು ಬೇರೆ ಬೇರೆ ಕೇಳುತ್ತೆ, ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ. ನಡುನಡುವೆ ‘ಟಕ್’ ಅನ್ನೋ ಒಣ ಸದ್ದು ಬರುತ್ತಲ್ಲ, ಅದು ತಬಲಾನೂ ಅಲ್ಲ ಡ್ರಮ್ಮೂ ಅಲ್ಲ. ಉಂಗುರದ ಬೆರಳಿಂದ ಗಿಟಾರಿನ ಮೈಗೆ ಹೊಡೆಯೋದು. ಅದಕ್ಕೆ ‘ಗೋಲ್ಪೆ’ ಅಂತಾರೆ. ಮರ ಸವೆಯದೇ ಇರ್ಲಿ ಅಂತ ಆ ಜಾಗಕ್ಕೆ ತೆಳ್ಳಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿರ್ತಾರೆ. ಫ್ಲಾಮೆಂಕೊ ಗಿಟಾರಿನ ಹಿಂಬದಿ, ಪಕ್ಕ ಸಾಂಪ್ರದಾಯಿಕವಾಗಿ ಸೈಪ್ರೆಸ್ ಮರದ್ದು, ತೆಳು, ಹಗುರ. ಸ್ವರ ಚುರುಕಾಗಿ ಎದ್ದು ಬೇಗ ಅಡಗುತ್ತೆ, ಮುಂದಿನ ಪೆಟ್ಟಿಗೆ ಜಾಗ ಬಿಡುತ್ತೆ. ಇದನ್ನ ಒಂದ್ಸಲ ಗುರುತು ಹಿಡಿದ್ರೆ ‘ಎಲ್ಲಾ ಒಂದೇ ಥರ’ ಅನ್ನೋ ಮಾತೇ ಬರಲ್ಲ ಸರ್, ನನ್ನ ಹತ್ರ ಕಲಿಯೋ ಹುಡುಗರಲ್ಲಿ ಇದನ್ನ ಎಷ್ಟೋ ಸಲ ನೋಡಿದೀನಿ.

ಶುರು ಮಾಡೋಕೆ ಸ್ಪೇನಿನ ಫ್ಲಾಮೆಂಕೊ ಗಿಟಾರ್ ವಾದಕ ಪಾಕೊ ದೆ ಲುಸೀಯಾ ಅವರ ‘ಎಂತ್ರೆ ದೋಸ್ ಆಗುವಾಸ್’, 1973ರ ಆಲ್ಬಂನಲ್ಲಿದೆ. ಅದು ರುಂಬಾ, ನಾಲ್ಕರ ಎಣಿಕೆ, ಕೈಯಲ್ಲಿ ತಾಳ ಹಾಕ್ಕೊಂಡೇ ಕೇಳಬಹುದು. ಕೆಳಗೆ ಬೇಸ್ ಗಿಟಾರ್ ಒಂದೇ ಸಾಲನ್ನ ತಿರುಗಿಸ್ತಾ ಇರುತ್ತೆ, ಮೇಲೆ ಪಾಕೊ ಒಂದು ವಾಕ್ಯ ಹೇಳಿ ಸುಮ್ನಾಗ್ತಾರೆ, ಇನ್ನೊಂದು ಹೇಳ್ತಾರೆ. ಆ ಸುಮ್ನಿರೋ ಜಾಗಗಳನ್ನ ಕೇಳಿ. ‘ವಿಕಿ ಕ್ರಿಸ್ಟಿನಾ ಬಾರ್ಸಿಲೋನಾ’ (2008) ಸಿನಿಮಾದಲ್ಲಿ ಇದನ್ನ ಬಳಸ್ಕೊಂಡಿದಾರೆ, ಹಾಗಾಗಿ ಸಿನಿಮಾ ಸಂಗೀತ ಅನ್ನೋ ನಿಮ್ಮ ಲೆಕ್ಕಕ್ಕೂ ಬಂತು.

ಚಾಮರಾಜಪುರಂ, ವೀಣೆ ಪಾಠ ಹೇಳ್ತೀನಿ:

ನಿಮ್ಮ ಮಗಳ ಕಿವಿ ತುಂಬಾ ಚೆನ್ನಾಗಿದೆ, ದಯವಿಟ್ಟು ಅವಳಿಗೆ ಇದನ್ನ ಹೇಳಿ.

ಸ್ಪೇನಿನ ಆಂಡಲೂಸಿಯಾ ಕಡೆಯ ಗಿಟಾರಿನಲ್ಲಿ ಮತ್ತೆ ಮತ್ತೆ ಬರೋ ಒಂದು ಇಳಿಕೆ ಇದೆ. ನಾಲ್ಕು ಸ್ವರಮೇಳ (ಗಿಟಾರಿನ ಕಾರ್ಡ್), ಮೆಟ್ಟಿಲಿಳಿದು ಬಂದು ಕೊನೇದರ ಮೇಲೆ ನಿಲ್ಲುತ್ತೆ. ಗಿಟಾರಿನವರು ಎ ಮೈನರ್, ಜಿ, ಎಫ್, ಇ ಅಂತಾರೆ. ಕೊನೆಯ ಇ ಸ್ವರವನ್ನ ಷಡ್ಜ ಅಂತ ಇಟ್ಕೊಂಡು ನೋಡಿದ್ರೆ ಅದು ಮ ಗ ರಿ ಸ. ಶುದ್ಧ ಮಧ್ಯಮ, ಸಾಧಾರಣ ಗಾಂಧಾರ, ಶುದ್ಧ ರಿಷಭ, ಷಡ್ಜ. ಹನುಮತೋಡಿಯ ಸ್ವರಗಳೇ. ಹಿಂದೂಸ್ತಾನಿ ಕೇಳೋರಿಗೆ ಭೈರವಿ ಥಾಟ್ ಅಂದ್ರೆ ಗೊತ್ತಾಗುತ್ತೆ.

ಆದ್ರೆ ಅವಳಿಗೆ ಇನ್ನೊಂದು ಪರೀಕ್ಷೆ ಕೊಡಿ. ಕೊನೆಯ ಮೆಟ್ಟಿಲಿನ ಸ್ವರಮೇಳದ ಒಳಗೆ ಯಾವ ಗಾಂಧಾರ ಇದೆ ಅಂತ ಕೇಳಿ. ಅಲ್ಲಿರೋದು ಅಂತರ ಗಾಂಧಾರ! ಇಳಿಯುವಾಗ ಸಾಧಾರಣ, ಬಂದು ನಿಂತಾಗ ಅಂತರ. ಆ ಒಂದು ಸ್ವರದಿಂದ ತೋಡಿ ಹೋಗಿ ವಕುಳಾಭರಣ ರಾಗದ ಛಾಯೆ ಬರುತ್ತೆ. ಅಳು ಬರೋ ಹಾಗಿರೋ ಸಂಗೀತ ಕೊನೇಲಿ ತಲೆಯೆತ್ತಿ ನಿಂತ ಹಾಗೆ ಅನ್ಸೋದು ಇದರಿಂದಲೇ. ನಾನು ಇದನ್ನ ವೀಣೆಯಲ್ಲಿ ನುಡಿಸಿ ನೋಡಿದಾಗ ನನ್ನ ಶಿಷ್ಯೆಯರೆಲ್ಲಾ ಒಟ್ಟಿಗೆ “ಇನ್ನೊಂದ್ಸಲ” ಅಂದ್ರು.

ತೋಡಿ ಅಂತ ಪೂರ್ತಿ ಒಪ್ಕೊಳ್ಳೋಕೆ ನನಗೆ ಆಗಲ್ಲ. ನಮ್ಮ ತೋಡಿಯ ಗಾಂಧಾರಕ್ಕೆ ಗಮಕವೇ ಪ್ರಾಣ, ಗಿಟಾರಿನಲ್ಲಿ ಆ ಸ್ವರ ಅಲುಗಾಡದೆ ನಿಂತಿರುತ್ತೆ. ಸ್ವರಸ್ಥಾನ ಒಂದೇ, ರಾಗ ಒಂದೇ ಅಲ್ಲ. ಅವಳಿಗೆ ಈ ವ್ಯತ್ಯಾಸ ಈಗಲೇ ಗೊತ್ತಾದ್ರೆ ತೋಡಿ ಪಾಠಕ್ಕೂ ಒಳ್ಳೇದು.

ತಾಳದ ಬಗ್ಗೆಯೂ ಒಂದು ಮಾತು. ಬುಲೇರಿಯಾ ಅಂತ ಫ್ಲಾಮೆಂಕೊದ ಒಂದು ಪ್ರಕಾರ ಇದೆ, ಹನ್ನೆರಡರ ಆವರ್ತ, ಪೆಟ್ಟುಗಳು 3, 3, 2, 2, 2 ಅಂತ ಬೀಳುತ್ತೆ. ಸಮವಾಗಿ ನಾಲ್ಕು ನಾಲ್ಕು ಅಂತ ತಾಳ ಹಾಕೋಕೆ ಹೋದ್ರೆ ಎಡವ್ತೀರಿ. ತಕಿಟ ತಕಿಟ ತಕ ತಕ ತಕ ಅಂತ ಬಾಯಲ್ಲಿ ಹೇಳ್ಕೊಂಡು ಕೇಳಿ, ತಾನಾಗೇ ಕೂತ್ಕೊಳ್ಳುತ್ತೆ.

ದಿನಾ ರೈಲಲ್ಲಿ ಮಂಡ್ಯ–ಮೈಸೂರು:

ಅಣ್ಣ, ರಾಗ ತಾಳ ಎಲ್ಲಾ ನಂಗೆ ಗೊತ್ತಿಲ್ಲ ಕಣಣ್ಣ. ಒಂದೇ ಮಾತು, ಫೋನಿನ ಸ್ಪೀಕರಲ್ಲಿ ಕೇಳ್ಬ್ಯಾಡಿ. ಗಿಟಾರಿನ ಎಲ್ಲಕ್ಕಿಂತ ದಪ್ಪ ತಂತಿ 82 ಹರ್ಟ್ಜ್ ಹತ್ರ ಮಿಡಿಯುತ್ತೆ, ಫೋನಿನ ಪುಟಾಣಿ ಸ್ಪೀಕರಿಗೆ ಅಷ್ಟು ಕೆಳಗಿನ ಸದ್ದು ಕೊಡೋ ತಾಕತ್ತಿಲ್ಲ. ಹೆಬ್ಬೆರಳು ನುಡಿಸೋದೆಲ್ಲಾ ಮಾಯ ಆಗ್ಬುಟ್ಟು ಬರೀ ಸಣ್ಣ ಸ್ವರದ ತಂತಿ ಕಿಣಿಕಿಣಿ ಅಂತೈತೆ. ಸಾಧಾರಣ ವೈರ್ ಇರೋ ಇಯರ್‌ಫೋನ್ ಸಾಕು, ದುಬಾರೀದು ಬ್ಯಾಡ. ಬೇಸ್ ಬೂಸ್ಟ್ ಆಫ್ ಮಾಡಿ, ಇಲ್ಲಾಂದ್ರೆ ‘ಟಕ್’ ಅನ್ನೋದು ‘ಧಂ’ ಅಂತ ಊದ್ಕೊಂಡ್ಬುಡ್ತೈತೆ.

ನಾನು ಪಾಂಡವಪುರ ದಾಟಿದ ಮೇಲೆ ಹಾಕ್ಕೋತೀನಿ, ಸೀಟು ಸಿಕ್ಕಿರ್ತೈತೆ. ಇಷ್ಟವಾದದ್ದು ‘ಫ್ರೈಡೇ ನೈಟ್ ಇನ್ ಸ್ಯಾನ್ ಫ್ರಾನ್ಸಿಸ್ಕೊ’, 1980ರ ಡಿಸೆಂಬರಲ್ಲಿ ಜನರ ಮುಂದೆ ನುಡಿಸಿದ್ದು. ಅದರ ಮೊದಲನೇ ತುಣುಕಲ್ಲಿ ಪಾಕೊ, ಅಮೆರಿಕದ ಅಲ್ ಡಿ ಮಿಯೋಲಾ ಇಬ್ಬರೇ. ಪಾಕೊ ಬೆರಳಲ್ಲಿ, ನೈಲಾನ್ ತಂತಿ ಮೇಲೆ. ಇನ್ನೊಬ್ಬರು ಪಿಕ್ (ತಂತಿ ಮೀಟೋ ಪುಟ್ಟ ಬಿಲ್ಲೆ) ಹಿಡ್ಕೊಂಡು ಸ್ಟೀಲ್ ತಂತಿ ಮೇಲೆ. ಒಬ್ಬರದ್ದು ಒಂದು ಕಿವಿಗೆ, ಇನ್ನೊಬ್ಬರದ್ದು ಇನ್ನೊಂದು ಕಿವಿಗೆ. ಜನ ಕೂಗಾಡೋದೂ ಕೇಳ್ತದೆ. ಸಿನಿಮಾದ್ದಲ್ಲ ನಿಜ, ಆದ್ರೆ ಇದನ್ನ ಕೇಳಿದ ಮೇಲೆ ಸಿನಿಮಾದಲ್ಲಿ ಯಾವ ತಂತಿ ನುಡೀತೈತೆ ಅಂತ ತಟ್ಟನೆ ಗೊತ್ತಾಯ್ತದೆ.

ಸರಸ್ವತಿಪುರಂ, ಗಿಟಾರ್ ಕಲಿಸ್ತೀನಿ:

ಇವರು ಹೇಳಿದ ಆಲ್ಬಂನ ಮೂರನೇ ಗಿಟಾರ್ ಜಾನ್ ಮೆಕ್‌ಲಾಫ್ಲಿನ್. ‘ಶಕ್ತಿ’ ತಂಡದಲ್ಲಿ ಎಲ್. ಶಂಕರ್ ಪಿಟೀಲು, ವಿಕ್ಕು ವಿನಾಯಕರಾಂ ಘಟ, ಜಾಕಿರ್ ಹುಸೇನ್ ತಬಲಾ, ಇವರ ಜೊತೆ ನುಡಿಸಿದವರು ಅವರೇ. ಕರ್ನಾಟಕ ಸಂಗೀತದ ಮನೆಯವರಿಗೆ ಇದಕ್ಕಿಂತ ಸಲೀಸಾದ ಬಾಗಿಲು ಇಲ್ಲ. ಮಗಳಿಗೆ ‘ಶಕ್ತಿ’ ಕೇಳಿಸಿ.

ಕುವೆಂಪುನಗರ:

ಎಲ್ರೂ ಫ್ಲಾಮೆಂಕೊ ಹೇಳ್ತಿದೀರಿ, ನಾನು ಇನ್ನೊಂದು ಕಡೆಯಿಂದ ಹೇಳ್ತೀನಿ. ನಾನು ಕೆಲಸದಿಂದ ನಿವೃತ್ತಿ ಆದ ಮೇಲೆ ಈ ಸಂಗೀತ ಹಿಡಿದವಳು, ನನಗೆ ನಿಧಾನದ್ದೇ ಇಷ್ಟ.

1952ರ ಫ್ರೆಂಚ್ ಚಿತ್ರ ‘ಜೂ ಜಾಂತರ್ದೀ’ ನೋಡಿ. ಯುದ್ಧದಲ್ಲಿ ತಂದೆತಾಯಿ ಕಳ್ಕೊಂಡ ಪುಟ್ಟ ಹುಡುಗಿಯ ಕಥೆ. ಸ್ಪೇನಿನ ನಾರ್ಸಿಸೊ ಯೆಪೆಸ್ ಗಿಟಾರ್ ನುಡಿಸಿದ್ದಾರೆ. ಅದರಲ್ಲಿ ಬರೋ ‘ರೊಮಾನ್ಸ್’ ನೀವು ಎಲ್ಲೋ ಕೇಳೇ ಇರ್ತೀರಿ, ಗಿಟಾರ್ ಕಲಿಯೋ ಮಕ್ಕಳೆಲ್ಲಾ ನುಡಿಸ್ತಾರೆ. ಮೇಲೆ ಒಂದು ಸ್ವರ, ಅದರ ಕೆಳಗೆ ಮೂರು ಮೂರಾಗಿ ಉರುಳೋ ಸ್ವರಗಳು, ಅಷ್ಟೇ. ಅರ್ಧ ದಾಟಿದ ಮೇಲೆ ಇದ್ದಕ್ಕಿದ್ದ ಹಾಗೆ ಬೆಳಕು ಬರುತ್ತೆ. ವೀಣೆ ಮೇಡಂ ಹೇಳಿದ್ದನ್ನ ಓದಿದ ಮೇಲೆ ಈಗ ಗೊತ್ತಾಯ್ತು, ಅಲ್ಲೂ ಗಾಂಧಾರವೇ ಬದಲಾಗೋದು, ಮೈನರಿನಿಂದ ಮೇಜರಿಗೆ, ಅಂದ್ರೆ ಸಾಧಾರಣದಿಂದ ಅಂತರಕ್ಕೆ. ಇಷ್ಟು ವರ್ಷ ಅದನ್ನ ಕೇಳಿ ಕಣ್ಣು ತುಂಬ್ಕೊಂಡಿದೀನಿ, ಕಾರಣ ಇವತ್ತು ಸಿಕ್ತು. ಮೇಡಂ, ತುಂಬಾ ಥ್ಯಾಂಕ್ಸ್.

ಆಮೇಲೆ ‘ದಿ ಡೀರ್ ಹಂಟರ್’ (1978). ಅದರ ‘ಕವಟೀನಾ’ ಬರೆದವರು ಇಂಗ್ಲೆಂಡಿನ ಸ್ಟ್ಯಾನ್ಲಿ ಮೈಯರ್ಸ್, ನುಡಿಸಿದವರು ಜಾನ್ ವಿಲಿಯಮ್ಸ್. ಹುಡುಕುವಾಗ ಎಚ್ಚರ, ಅದೇ ಹೆಸರಿನ ಇನ್ನೊಬ್ಬರು ‘ಸ್ಟಾರ್ ವಾರ್ಸ್’ ಸಂಗೀತ ಮಾಡಿದವರು, ಇವರು ಆಸ್ಟ್ರೇಲಿಯಾದ ಗಿಟಾರ್ ವಾದಕರು. ಇದು ಸ್ಪೇನಿನ ಸಂಗೀತ ಅಲ್ಲ, ಆದ್ರೆ ಗಿಟಾರ್ ಅದೇ ಮನೆತನದ್ದು.

ಇಷ್ಟಾದ ಮೇಲೆ ಸ್ಪೇನಿನ ಗಿಟಾರ್ ರಚನೆಕಾರ ತಾರ್ರೆಗ ಅವರ ‘ರೆಕುವೆರ್ದೋಸ್ ದೆ ಲಾ ಅಲಂಬ್ರಾ’. ಹೆಬ್ಬೆರಳು ಮಂದ್ರದಲ್ಲಿ ನಡೀತಿರುತ್ತೆ, ಉಳಿದ ಮೂರು ಬೆರಳು ಒಂದೇ ತಂತಿಯನ್ನ ಒಂದರ ಹಿಂದೊಂದು ಮೀಟ್ತಾನೇ ಇರುತ್ತೆ. ಇಬ್ಬರು ನುಡಿಸ್ತಿದಾರೆ ಅಂತಲೇ ನಮ್ಮ ಮನೆಯವರು ವಾದ ಮಾಡಿದ್ರು, ವಿಡಿಯೊ ತೋರಿಸಿದ ಮೇಲೆ ಒಪ್ಕೊಂಡ್ರು. ‘ದಿ ಕಿಲ್ಲಿಂಗ್ ಫೀಲ್ಡ್ಸ್’ (1984) ಚಿತ್ರದ ಕೊನೇಲಿ ಅದರ ಸಂಗೀತಗಾರ ಮೈಕ್ ಓಲ್ಡ್‌ಫೀಲ್ಡ್ ಇದನ್ನೇ ಬೇರೆ ವಾದ್ಯಗಳಿಗೆ ತಂದಿದ್ದಾರೆ.

ನಮ್ಮ ಮೈಸೂರಿನವರಿಗೆ ಇದೆಲ್ಲಾ ಯಾಕೆ ಅಂತ ಕೆಲವರು ಕೇಳ್ತಾರೆ. ಒಂದು ಕಡೆ ವೀಣೆಗೆ, ಇನ್ನೊಂದು ಕಡೆ ಪಾಶ್ಚಾತ್ಯ ಸಂಗೀತಕ್ಕೆ ಆಸರೆ ಕೊಟ್ಟ ಊರು ಇದು. ರಷ್ಯಾದ ಸಂಗೀತ ರಚನೆಕಾರ ಮೆಟ್ನರ್ ಅವರ ಕೃತಿಗಳು 1940ರ ದಶಕದ ಕೊನೇಲಿ ಲಂಡನ್ನಿನಲ್ಲಿ ರೆಕಾರ್ಡ್ ಆಗೋಕೆ ಹಣ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರ್. ಅವರೇ ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನ ರಚಿಸಿದವರು. ಎರಡನ್ನೂ ಪ್ರೀತಿಸೋದು ಇಲ್ಲಿ ಹೊಸದೇನಲ್ಲ.

ಪಾಂಡವಪುರ:

ನಾನು ಕನ್ನಡದಿಂದಲೇ ಶುರು ಮಾಡಿ ಅಂತೀನಿ. ‘ಪಲ್ಲವಿ ಅನುಪಲ್ಲವಿ’, 1983, ಇಳಯರಾಜ. ‘ನಗುವ ನಯನ’ ಗೊತ್ತಿಲ್ಲದೋರು ಯಾರು? ಅದು ಸ್ಪ್ಯಾನಿಷ್ ಅಲ್ಲ, ಆದ್ರೆ ಗಿಟಾರ್ ಮುಂದೆ ನಿಂತು ಮಾತಾಡುತ್ತೆ, ಹಿಂದೆ ಕೂತು ತಾಳ ಹಾಕಲ್ಲ. ಅದನ್ನ ಗಿಟಾರ್ ಒಂದನ್ನೇ ಹಿಂಬಾಲಿಸಿ ಕೇಳಿ, ಆಮೇಲೆ ಹಿಂದಿಯ ‘ಜಿಂದಗಿ ನಾ ಮಿಲೇಗಿ ದೊಬಾರಾ’ದ (2011) ‘ಸೆನೊರೀಟಾ’. ಅದರಲ್ಲಿ ಸ್ಪೇನಿನ ಗಾಯಕಿ ಮರಿಯಾ ದೆಲ್ ಮಾರ್ ಫೆರ್ನಾಂದೆಸ್ ಹಾಡಿದಾರೆ, ಚಪ್ಪಾಳೆಯೂ ಇದೆ. ಚಪ್ಪಾಳೆ ಅಂದ್ರೆ ಸುಮ್ನೆ ಅಲ್ಲ, ಫ್ಲಾಮೆಂಕೊದಲ್ಲಿ ಅದೂ ಒಂದು ವಾದ್ಯ, ‘ಪಾಲ್ಮಾಸ್’ ಅಂತ. ಹೀಗೆ ಒಂದೊಂದೇ ಮೆಟ್ಟಿಲು ಹತ್ತಿದ್ರೆ ಮನೆಯವರೂ ಜೊತೆಗೆ ಬರ್ತಾರೆ. ಮೊದಲ ದಿನವೇ ಹನ್ನೆರಡರ ತಾಳ ಕೊಟ್ರೆ ನಮ್ಮಮ್ಮ ಎದ್ದು ಹೋಗ್ತಿದ್ರು.

ಪ್ರಶ್ನೆ ಕೇಳಿದವರು, ಮಂಡ್ಯ:

ಎಲ್ರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ನಿನ್ನೆ ರಾತ್ರಿ ಫ್ಯಾನ್ ಆಫ್ ಮಾಡಿ, ಇಯರ್‌ಫೋನಿನ ಒಂದೊಂದು ತುದಿ ನಾನೂ ಮಗಳೂ ಹಾಕ್ಕೊಂಡು ‘ಎಂತ್ರೆ ದೋಸ್ ಆಗುವಾಸ್’ ಕೇಳಿದ್ವಿ. ‘ಡೆಸ್ಪೆರಾಡೊ’ ಹಾಡಲ್ಲೂ ಬಲಗೈ ಹುಡುಕಿದ್ವಿ, ಈಗ ಬೇರೇನೇ ಕೇಳ್ತಿದೆ. ಅಂತರ ಗಾಂಧಾರ ಅವಳು ಹಿಡಿದ್ಲು ಮೇಡಂ, ವೀಣೆ ತಂದು ಮೀಟಿ ತೋರಿಸಿದ್ಲು. ಈಗ ಗಿಟಾರ್ ಬೇಕು ಅಂತಿದಾಳೆ. ಭಾವನ ಮನೇಲಿ ಹಳೇದೊಂದು ನೈಲಾನ್ ತಂತಿ ಗಿಟಾರ್ ಇದೆ, ತಂತಿ ಎಲ್ಲಾ ಹೋಗಿದೆ. ಸ್ಟೀಲ್ ತಂತಿ ಹಾಕ್ಸಿದ್ರೆ ಜಾಸ್ತಿ ಬಾಳಿಕೆ ಬರುತ್ತೆ ಅಂತ ಯಾರೋ ಅಂದ್ರು, ಹಾಕ್ಸಲಾ?

ಸರಸ್ವತಿಪುರಂ, ಗಿಟಾರ್ ಕಲಿಸ್ತೀನಿ:

ಖಂಡಿತ ಬೇಡ ಸರ್! ಸ್ಟೀಲ್ ತಂತಿಯ ಎಳೆತ ನೈಲಾನಿಗಿಂತ ತುಂಬಾ ಜಾಸ್ತಿ, ಆ ಗಿಟಾರನ್ನ ಅದಕ್ಕೆ ಕಟ್ಟಿರಲ್ಲ. ಬ್ರಿಡ್ಜ್ (ಮೈ ಮೇಲೆ ತಂತಿ ಕಟ್ಟೋ ಪಟ್ಟಿ) ಕಿತ್ಕೊಂಡು ಬರುತ್ತೆ, ಇಲ್ಲಾ ಕುತ್ತಿಗೆ ಬಾಗುತ್ತೆ. ಕ್ಲಾಸಿಕಲ್ ಗಿಟಾರಿನ ನೈಲಾನ್ ತಂತಿ, ನಾರ್ಮಲ್ ಟೆನ್ಷನ್ ಅಂತ ಕೇಳಿ ತಗೊಳ್ಳಿ. ಗಿಟಾರ್ ಹಿಡಿದಾಗ ನೆಲದ ಕಡೆ ಬರೋ ಕೆಳಗಿನ ಮೂರು ಬರೀ ನೈಲಾನ್, ಮೇಲಿನ ಮೂರಕ್ಕೆ ಲೋಹದ ಸುತ್ತು ಇರುತ್ತೆ, ಅದು ಸರಿಯೇ, ಸ್ಟೀಲ್ ಅಂದ್ಕೋಬೇಡಿ. ಹೊಸ ನೈಲಾನ್ ತಂತಿ ಮೊದಲ ಕೆಲವು ದಿನ ಎಳೀತಾನೇ ಇರುತ್ತೆ, ಶ್ರುತಿ ಇಳೀತಿರುತ್ತೆ, ಗಿಟಾರ್ ಹಾಳಾಗಿದೆ ಅಂತ ಮಗಳು ಬೇಜಾರು ಮಾಡ್ಕೊಳ್ಳೋದು ಬೇಡ. ವೀಣೆ ನುಡಿಸೋ ಹುಡುಗಿಗೆ ಶ್ರುತಿ ಮಾಡೋದು ಹೇಳ್ಕೊಡಬೇಕಾಗೂ ಇಲ್ಲ. ಹಾಕ್ಸಿದ ಮೇಲೆ ಮೈಸೂರಿಗೆ ಬಂದಾಗ ಗಿಟಾರ್ ತಗೊಂಡು ಬನ್ನಿ, ಬ್ರಿಡ್ಜ್ ಗಟ್ಟಿ ಇದೆಯಾ ಅಂತ ನೋಡಿ ಹೇಳ್ತೀನಿ.