ಕಾರಿನ ಅಡಿಭಾಗಕ್ಕೆ ಕೋಟಿಂಗ್ ಹೊಡೆಸಬೇಕಾ? ಕಡಲ ಹತ್ತಿರ ಇರುವವರು ಹೇಳಿ

ಸುರತ್ಕಲ್ ಹೊಸಬ:
ನಮ್ಮ ಮನೆ ಸುರತ್ಕಲ್ ಬೀಚಿನಿಂದ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಐದು ವರ್ಷ ಹಳೆಯ ಕಾರು ತೆಗೆದುಕೊಂಡು ಎರಡು ತಿಂಗಳಾಯಿತು. ಅಲ್ಲಿಯವರೆಗೆ ಬೆಂಗಳೂರಿನಲ್ಲಿ ಓಡಿದ ಗಾಡಿ. ಮೊನ್ನೆ ರ‍್ಯಾಂಪಿಗೆ ಹತ್ತಿಸಿದಾಗ ಅಡಿಯಲ್ಲಿ ನೋಡಿದೆ. ಹೆಚ್ಚುಕಡಿಮೆ ಚೆನ್ನಾಗಿಯೇ ಇದೆ, ಹಿಂದಿನ ಚಕ್ರದ ಹತ್ತಿರ ಎರಡು ಕಡೆ ಮಾತ್ರ ತುಕ್ಕು ಶುರುವಾಗಿದೆ. ಸರ್ವಿಸಿನವರು ಕೋಟಿಂಗ್ ಮಾಡಿಸಿ, ಒಂದು ಗಂಟೆಯ ಕೆಲಸ ಅಂತಾರೆ. ಅಪ್ಪ ಸುಮ್ನೆ ದುಡ್ಡು ಹಾಳು ಅಂತಾರೆ. ಮಳೆಗಾಲಕ್ಕೆ ಇನ್ನು ಆರು ವಾರ ಉಂಟು. ಏನು ಮಾಡಲಿ?

ಕಟಪಾಡಿ ಗ್ಯಾರೇಜ್:
ಒಂದು ಗಂಟೆ ಅಂದರೆ ಬೇಡ ಅಂತ ಹೇಳಿ. ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಸ್ಪ್ರೇ ಹೊಡೆಯಲು ಒಂದು ಗಂಟೆ ಸಾಕು. ಅದಕ್ಕೆ ಮೊದಲು ತೊಳೆಯಬೇಕು, ಪೂರ್ತಿ ಒಣಗಿಸಬೇಕು, ತುಕ್ಕು ಕೆರೆದು ಪ್ರೈಮರ್ ಹಾಕಬೇಕು. ಅದಕ್ಕೆ ಎರಡು ದಿನ ಬೇಕು. ಒದ್ದೆ ತಗಡಿನ ಮೇಲೆ ಕಪ್ಪು ರಬ್ಬರ್ ಕೋಟಿಂಗ್ ಬಿದ್ದರೆ ನೀರು ಒಳಗೇ ಉಳಿಯುತ್ತದೆ. ಹೊರಗೆ ಹೊಸದರ ಹಾಗೆ ಕಾಣುತ್ತದೆ, ಒಳಗೆ ತಿನ್ನುತ್ತಾ ಹೋಗುತ್ತದೆ. ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ. ಉಬ್ಬಿ ಕೋಟಿಂಗನ್ನು ಎತ್ತುತ್ತದೆ, ಆ ಸಂದಿಗೆ ಮತ್ತೆ ನೀರು ಇಳಿಯುತ್ತದೆ. ಕೋಟಿಂಗ್ ನೋಡಲು ಚಂದ ಇದ್ದು, ಸ್ಕ್ರೂಡ್ರೈವರ್ ಒತ್ತಿದರೆ ತಗಡಿನೊಳಗೆ ಹೋದ ಗಾಡಿಗಳು ನನ್ನ ಕೈಗೆ ಎಷ್ಟೋ ಬಂದಿವೆ.

ಕಾರ್ಕಳ ದಾರಿ:
ಇದೆಲ್ಲ ಬೇಕೇ ಬೇಕಾ? ಕಾರ್ಖಾನೆಯಲ್ಲೇ ಇಡೀ ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹರಿಸಿ, ಸಂದಿಸಂದಿಗೂ ಹಿಡಿಯುವಂತೆ ಮಾಡುತ್ತಾರೆ. ಅದನ್ನು ಕೆರೆದು ಹಾಳು ಮಾಡದಿದ್ದರೆ ಸಾಕು. ನನ್ನದು ಒಂಬತ್ತು ವರ್ಷದ ಗಾಡಿ. ಏನೂ ಹೊಡೆಸಿಲ್ಲ. ಅಡಿ ಗಟ್ಟಿಯಾಗಿದೆ.

ಮಲ್ಪೆ ಟೆಂಪೋ:
ನೀವು ಕಾರ್ಕಳದಲ್ಲಿ ಇದ್ದೀರಿ ಮಾರಾಯ್ರೆ. ನಮ್ಮಲ್ಲಿ ಗಾಳಿಯಲ್ಲೇ ಉಪ್ಪು. ಸಾಲದ್ದಕ್ಕೆ ಹೈವೇಯಲ್ಲಿ ಮುಂದೆ ಮೀನಿನ ಲಾರಿ ಹೋಗುತ್ತಿದ್ದರೆ ಅದರ ನೀರು ರಸ್ತೆಗೆ ಸುರಿಯುತ್ತಲೇ ಇರುತ್ತದೆ, ಹಿಂದೆ ಬರುವ ಗಾಡಿಯ ಅಡಿಗೆ ಅದೇ ಎರಚುತ್ತದೆ. ಬೆಳಿಗ್ಗೆ ಉಡುಪಿಯಿಂದ ಮಂಗಳೂರಿಗೆ ಹೋಗುವವರಿಗೆ ಇದು ಗೊತ್ತು. ಚಕ್ರದಿಂದ ಹಾರುವ ಜಲ್ಲಿ ಕಾರ್ಖಾನೆಯ ಪ್ರೈಮರನ್ನೂ ಬಿಡುವುದಿಲ್ಲ. ನಾನು ನನ್ನ ಟೆಂಪೋಗೆ ಪ್ರತಿ ಮೇ ತಿಂಗಳು ಹಳೆ ಇಂಜಿನ್ ಆಯಿಲ್ ಹೊಡೆಯುತ್ತೇನೆ. ಖರ್ಚಿಲ್ಲ. ಹನ್ನೆರಡು ವರ್ಷ ಓಡಿದೆ.

ಕಟಪಾಡಿ ಗ್ಯಾರೇಜ್:
ಮಲ್ಪೆ ಅಣ್ಣ, ತಗಡು ಉಳಿದದ್ದು ನಿಜ ಇರಬಹುದು. ಅಡಿಯ ಜೋಡಣೆಗಳಲ್ಲಿರುವ ರಬ್ಬರ್ ಬುಷ್ ಎಷ್ಟು ಸಲ ಬದಲಾಯಿಸಿದ್ದೀರಿ? ಆಯಿಲ್ ತಾಗಿದರೆ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಕೆಲವು ಕಡೆ ಸರ್ವಿಸಿನಲ್ಲಿ ಡೀಸೆಲ್ ಹೊಡೆದು ಅಡಿ ಹೊಳೆಯುವಂತೆ ಮಾಡುತ್ತಾರಲ್ಲ, ಅದೂ ಹೀಗೆಯೇ. ಬ್ರೇಕಿಗೆ ತಾಗಿದರೆ ಪ್ರಾಣಕ್ಕೆ ಅಪಾಯ. ಬಿಸಿ ಸೈಲೆನ್ಸರಿಗೆ ಬಿದ್ದರೆ ಬೆಂಕಿಯ ಭಯ ಬೇರೆ. ಇನ್ನೊಂದು ಮಾತು. ಆ ಆಯಿಲ್ ತೊಟ್ಟಿಕ್ಕುವುದು ನಿಮ್ಮದೇ ಅಂಗಳಕ್ಕೆ. ಮೊದಲ ಮಳೆಗೆ ಎಲ್ಲಿಗೆ ಹೋಗುತ್ತದೆ? ನಮ್ಮ ಕಡೆ ಮನೆಮನೆಗೂ ಬಾವಿ ಉಂಟು. ಕುಡಿಯುವುದು ಅದೇ ನೀರು.

ಮಲ್ಪೆ ಟೆಂಪೋ:
ಬಾವಿಯ ಮಾತು ಸರಿ. ಅದನ್ನು ನಾನು ಯೋಚಿಸಿರಲಿಲ್ಲ. ಆದರೆ ದಿನಾ ಮೀನು ಹೇರುವ ಟೆಂಪೋಗೆ ಏನಾದರೂ ಹಚ್ಚಲೇಬೇಕಲ್ಲ. ಬೋಟಿಗೆ ಸತುವಿನ ತುಂಡು ಕಟ್ಟುತ್ತಾರೆ, ಅದು ತಾನು ಸವೆದು ಕಬ್ಬಿಣ ಉಳಿಸುತ್ತದೆ. ಗಾಡಿಗೂ ಹಾಗೇ ಮಾಡಬಹುದಾ?

ಉಳ್ಳಾಲ ಟೀಚರ್:
ಆಗುವುದಿಲ್ಲ ಅಣ್ಣ. ನಾನು ಕೆಮಿಸ್ಟ್ರಿ ಕಲಿಸುತ್ತೇನೆ. ಸತುವೂ ಕಬ್ಬಿಣವೂ ಒಂದೇ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಆ ಕೆಲಸ ನಡೆಯುತ್ತದೆ. ಬೋಟಿನ ಸುತ್ತ ಕಡಲೇ ಇದೆ. ಗಾಡಿಯ ಅಡಿಯಲ್ಲಿ ಅಲ್ಲಲ್ಲಿ ಒದ್ದೆ, ಅಷ್ಟೇ. ಒಂದು ಮೂಲೆಯಲ್ಲಿ ಕಟ್ಟಿದ ಸತು ಇನ್ನೊಂದು ಮೂಲೆಯನ್ನು ಕಾಯುವುದಿಲ್ಲ. ತಗಡಿನ ಮೇಲೇ ಸತುವಿನ ಲೇಪ ಇದ್ದರೆ ಬೇರೆ ಮಾತು.

ಮಳೆಯಲ್ಲಿ ಓಡಿಸದಿದ್ದರೆ ತುಕ್ಕು ಬರುವುದಿಲ್ಲ ಅಂತ ನಮ್ಮಲ್ಲಿ ತುಂಬಾ ಜನ ನಂಬಿದ್ದಾರೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೋಡಿ. ನಾವು ಯಾರೂ ನೀರು ಹಾಕಿರುವುದಿಲ್ಲ, ಆದರೂ ಉಪ್ಪು ಕರಗಿರುತ್ತದೆ. ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಳ್ಳುತ್ತದೆ. ಕಡಲ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇದೆ. ಅದಕ್ಕೆ ಅಷ್ಟು ತೇವವೂ ಬೇಡ. ಶೆಡ್ಡಿನಲ್ಲಿ ನಿಂತ ಗಾಡಿಯ ಅಡಿಯಲ್ಲೂ ಇದೇ ನಡೆಯುತ್ತಿರುತ್ತದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇದೆ. ನೀರು ಆರುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ಆ ಉಪ್ಪನ್ನು ತೆಗೆಯದೆ ಮೇಲೆ ಏನು ಬಳಿದರೂ ಪ್ರಯೋಜನ ಇಲ್ಲ.

ಬೈಂದೂರು ಪಯಣ:
ನಾನು ದಿನಾ ಮರವಂತೆ ದಾಟಿ ಕುಂದಾಪುರಕ್ಕೆ ಹೋಗುತ್ತೇನೆ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಜೂನ್, ಜುಲೈಯಲ್ಲಿ ಗಾಜಿನ ಮೇಲೇ ಉಪ್ಪು ಕಾಣುತ್ತದೆ. ನನ್ನ ಮೊದಲ ಕಾರಿಗೆ ಹೊಸತರಲ್ಲೇ ಕೋಟಿಂಗ್ ಹೊಡೆಸಿದ್ದೆ. ಯಾರು ಮಾಡಿದ್ದು ಅಂತ ಹೇಳುವುದಿಲ್ಲ. ಬಾಗಿಲಿನ ಕೆಳಭಾಗದಲ್ಲೂ ಅದರ ಕೆಳಗಿನ ಉದ್ದ ಪಟ್ಟಿಯಲ್ಲೂ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಅವರು ಅವುಗಳ ಮೇಲೂ ಹೊಡೆದುಬಿಟ್ಟಿದ್ದರು. ಮಳೆ ನೀರು ಒಳಗೇ ನಿಂತಿತು. ನಾಲ್ಕನೇ ವರ್ಷ ಒಳಗಿನಿಂದ ಕೊಳೆತು ಹೊರಗೆ ಬಂತು. ಆ ಪಟ್ಟಿ ಕತ್ತರಿಸಿ ವೆಲ್ಡಿಂಗ್ ಮಾಡಿಸಿದಾಗ ಹೊಟ್ಟೆ ಉರಿಯಿತು. ಈಗಿನ ಗಾಡಿಯಲ್ಲಿ ಆ ತೂತುಗಳನ್ನು ನಾನೇ ಕಡ್ಡಿಯಿಂದ ಬಿಡಿಸುತ್ತೇನೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅಡಿಗೆ ಪೈಪ್ ಹಿಡಿಯುತ್ತೇನೆ. ಚಕ್ರದ ಕಮಾನಿನ ಒಳಗೆ ಕೆಂಪು ಮಣ್ಣು ಮೆತ್ತಿಕೊಂಡಿರುತ್ತದೆ, ಅದು ದಿನಗಟ್ಟಲೆ ಒದ್ದೆ ಹಿಡಿದಿಟ್ಟುಕೊಳ್ಳುತ್ತದೆ. ಕೈ ಹಾಕಿ ತೆಗೆಯಬೇಕು. ಒಳಗಿನ ಮ್ಯಾಟ್ ಎತ್ತಿ ನೋಡುವುದನ್ನೂ ಮರೆಯಬೇಡಿ, ನೆಲ ಮೇಲಿನಿಂದಲೂ ಕೊಳೆಯುತ್ತದೆ.

ಕಾರ್ಕಳ ದಾರಿ:
ಹಾಗಾದರೆ ನಾನು ಹೇಳಿದ್ದೇ ಆಯಿತಲ್ಲ. ತೊಳೆದರೆ ಸಾಕು, ಕೋಟಿಂಗ್ ಬೇಡ.

ಕಟಪಾಡಿ ಗ್ಯಾರೇಜ್:
ನಿಮ್ಮ ಗಾಡಿಗೆ ಬೇಡ. ಸುರತ್ಕಲ್ಲಿನ ಗಾಡಿಗೆ ಬೇಕು ಅಂತಲೇ ನನ್ನ ಅಭಿಪ್ರಾಯ, ತುಕ್ಕು ಆಗಲೇ ಶುರುವಾಗಿದೆ. ಆ ಎರಡು ಜಾಗವನ್ನು ಹೊಳೆಯುವ ತನಕ ಕೆರೆದು, ಎಪಾಕ್ಸಿ ಪ್ರೈಮರ್ ಹಾಕಿ, ಮೇಲೆ ಕೋಟಿಂಗ್. ಬಾಕಿ ಕಡೆ ಕಾರ್ಖಾನೆಯ ಲೇಪ ಗಟ್ಟಿ ಇದ್ದರೆ ಕೆರೆಯಬೇಡಿ. ಬಾಗಿಲಿನ ಕೆಳಗಿನ ಪಟ್ಟಿಯ ಒಳಗೆ ಮೇಣದ ಸ್ಪ್ರೇ ಒಳ್ಳೆಯದು. ಅದು ಒಣಗಿ ಬಿರಿಯುವುದಿಲ್ಲ, ಸಂದಿಗೆ ಹರಿಯುತ್ತದೆ. ಮಲ್ಪೆ ಅಣ್ಣ, ನಿಮ್ಮ ಟೆಂಪೋಗೂ ಅದೇ ಆಗಬಹುದು. ವರ್ಷಕ್ಕೊಮ್ಮೆ ಮತ್ತೆ ಹೊಡೆಯಬೇಕಾಗುತ್ತದೆ, ಅದೊಂದು ಖರ್ಚು ಉಂಟು. ಯಾವುದನ್ನು ಹೊಡೆಯುವಾಗಲೂ ಸೈಲೆನ್ಸರ್, ಬ್ರೇಕ್, ನೀರು ಇಳಿಯುವ ತೂತು ಮುಚ್ಚಿಟ್ಟುಕೊಂಡು, ಕೆಲಸ ಮುಗಿದ ಮೇಲೆ ಬಿಡಿಸಬೇಕು. ಕೆಲಸ ಮಾಡುವಾಗ ನೀವು ಎದುರಿಗೇ ನಿಲ್ಲಿ. ಮತ್ತೆ, ಸುರತ್ಕಲ್‌ನವರೇ, ಯಾವ ನೀರಿನಲ್ಲಿ ತೊಳೆಯುತ್ತೀರಿ?

ಸುರತ್ಕಲ್ ಹೊಸಬ:
ಮನೆಯ ಬೋರ್‌ವೆಲ್. ಏಪ್ರಿಲ್ ಬಂದರೆ ಅದು ಬಾಯಿಗೆ ಹಾಕಲು ಆಗದಷ್ಟು ಉಪ್ಪು.

ಕಟಪಾಡಿ ಗ್ಯಾರೇಜ್:
ಅದಕ್ಕೇ ಕೇಳಿದ್ದು. ಆ ನೀರು ಅಡಿಗೆ ತಾಗಿಸಲೇಬೇಡಿ.

ಸುರತ್ಕಲ್ ಹೊಸಬ:
ಎರಡು ತಿಂಗಳಿಂದ ಅದರಲ್ಲೇ ತೊಳೆಯುತ್ತಿದ್ದೆ! ಈ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನಿಂದ ಬರುವ ನಲ್ಲಿ ನೀರನ್ನು ಗಾಡಿಗೆ ಸುರಿಯಲು ಮನಸ್ಸಾಗುವುದಿಲ್ಲ. ಅಕ್ಕನ ಮನೆ ಮೂಡುಬಿದಿರೆಯಲ್ಲಿ. ಅಲ್ಲಿ ಬಾವಿ ನೀರು ಸಿಹಿ, ಬೇಸಿಗೆಯಲ್ಲೂ ಆರುವುದಿಲ್ಲ. ಶನಿವಾರ ಅಲ್ಲೇ ತೊಳೆದು, ಎರಡು ದಿನ ಅಂಗಳದ ಬಿಸಿಲಿಗೆ ನಿಲ್ಲಿಸಿ, ಮಂಗಳವಾರ ಕಟಪಾಡಿಗೆ ತರುತ್ತೇನೆ. ಅಪ್ಪನೂ ಬರುತ್ತಾರಂತೆ, ತುಕ್ಕು ಕೆರೆಯುವುದನ್ನು ನಿಂತು ನೋಡಬೇಕಂತೆ.