ಹಸಿದಾಗ ಉಳಿತಾಯವನ್ನೇ ನಿಲ್ಲಿಸುವುದು ಯಾಕೆ?

ಪ್ರಶ್ನೆ: ಮೇಡಂ, ನಮಸ್ಕಾರ. ಕಲಬುರಗಿಯಲ್ಲಿ ಎಂಎಸ್ಸಿ ಮೈಕ್ರೋಬಯಾಲಜಿ ಓದುತ್ತಿದ್ದೇನೆ. ತೊಗರಿ ಹೊಲದ ಮಣ್ಣಲ್ಲಿ ಸಿಗುವ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ಮೇಲೆ ಸೆಮಿನಾರ್ ಇದೆ. ಅದರ ಎಚ್‌ಪಿಆರ್‌ಟಿ ಕಿಣ್ವ ಹಳೆಯ ಪ್ಯೂರಿನ್‌ಗಳನ್ನು (ಡಿಎನ್‌ಎ, ಆರ್‌ಎನ್‌ಎಗಳ ಘಟಕಗಳು) ಮತ್ತೆ ಬಳಕೆಗೆ ತರುತ್ತದೆ. ಆದರೆ ಅಮೈನೋ ಆಮ್ಲ ಸಿಗದೆ ಜೀವಕೋಶ ಹಸಿದಾಗ ಪಿಪಿಜಿಪಿಪಿ ಎಂಬ ಎಚ್ಚರಿಕೆಯ ಸಣ್ಣ ಅಣು ಬಂದು ಈ ಕಿಣ್ವವನ್ನೇ ತಡೆಯುತ್ತದಂತೆ. ಕಷ್ಟ ಬಂದಾಗ ಉಳಿತಾಯ ಇನ್ನೂ ಜಾಸ್ತಿ ಮಾಡಬೇಕಲ್ವಾ?

ಉತ್ತರ: ಒಳ್ಳೆ ಪ್ರಶ್ನೆ ತಂಗಿ. ನಾನೂ ಮೊದಲು ಇಲ್ಲೇ ತಡವರಿಸಿದ್ದೆ. ಇದು ಉಳಿತಾಯ ಅನ್ನುವುದು ನಿಜ. ಪಿಆರ್‌ಪಿಪಿ ಎಂಬ ಸಕ್ಕರೆ-ಫಾಸ್ಫೇಟ್ ಅಣುವಿನಿಂದ ಐಎಂಪಿ ಎಂಬ ಪ್ಯೂರಿನ್ ಅಣು ಕಟ್ಟಲು ಸುಮಾರು ಹತ್ತು ಹಂತ ಬೇಕು. ಎಚ್‌ಪಿಆರ್‌ಟಿಗೆ ಒಂದೇ ಹಂತ ಸಾಕು. ಹೈಪೋಕ್ಸಾಂಥೀನ್ ಎಂಬ ಹಳೆಯ ಪ್ಯೂರಿನ್‌ಗೆ ಪಿಆರ್‌ಪಿಪಿ ಸೇರಿಸಿದರೆ ಐಎಂಪಿ, ಗ್ವಾನೀನ್ ಎಂಬ ಇನ್ನೊಂದಕ್ಕೆ ಸೇರಿಸಿದರೆ ಅಂಥದ್ದೇ ಅಣು ಜಿಎಂಪಿ. ಎರಡೂ ಮುಂದೆ, ಪ್ರೋಟೀನ್ ಕಟ್ಟುವ ಕೆಲಸಕ್ಕೆ ಶಕ್ತಿ ಕೊಡುವ ಜಿಟಿಪಿ ಆಗಬಲ್ಲವು.

ಈಗ ನಮ್ಮೂರಿನ ಬೇಳೆ ಮಿಲ್ ನೆನಪಿಸಿಕೊ. ತೊಗರಿ ಬರುವುದು ನಿಂತಿದೆ. ಕರೆಂಟ್ ಅಗ್ಗವಾಗಿ ಸಿಗುತ್ತದೆ ಅಂತ ಯಾರಾದರೂ ಖಾಲಿ ಮಿಲ್ ಓಡಿಸುತ್ತಾರಾ? ಇಲ್ಲಿ ತೊಗರಿ ಅಂದರೆ ಅಮೈನೋ ಆಮ್ಲ, ಕರೆಂಟ್ ಅಂದರೆ ಜಿಟಿಪಿ. ಹಸಿವಿನಲ್ಲಿ ಜಿಟಿಪಿ ಇಳಿಯಲೇಬೇಕು, ಪಿಪಿಜಿಪಿಪಿ ಎಚ್‌ಪಿಆರ್‌ಟಿಯನ್ನು ತಡೆಯುವುದು ಅದಕ್ಕೇ. ಜಿಟಿಪಿ ಇಳಿದರೆ ಕೋಡ್‌ವೈ ಎಂಬ ಪ್ರೋಟೀನ್ ಹಿಡಿತ ಸಡಿಲಿಸಿ, ಅಮೈನೋ ಆಮ್ಲ ತಯಾರಿಸುವ ಜೀನ್‌ಗಳನ್ನು ಬಿಟ್ಟುಕೊಡುತ್ತದೆ. ಪಿಪಿಜಿಪಿಪಿ ಮಾಡಲಾಗದ ಬ್ಯಾಸಿಲಸ್‌ಗೆ ಹೊರಗಿಂದ ಗ್ವಾನೋಸಿನ್ (ಜಿಟಿಪಿಯ ಕಚ್ಚಾವಸ್ತು) ಹಾಕಿದರೆ ಜಿಟಿಪಿ ಏರಿ ಅದು ಸಾಯುತ್ತದೆ. ನನಗೆ ವಿಷಯ ಮನಸ್ಸಿಗೆ ಇಳಿದದ್ದು ಈ ಪ್ರಯೋಗ ಓದಿದಾಗಲೇ.

ಪ್ರಶ್ನೆ: ಹಾಗಾದರೆ ಪಿಪಿಜಿಪಿಪಿ ಕಿಣ್ವದಲ್ಲಿ ಕೂರುವುದು ಎಲ್ಲಿ ಮೇಡಂ? ಪಕ್ಕದ ಬೇರೆ ಜಾಗದಲ್ಲಾ?

ಉತ್ತರ: ಅಲ್ಲ, ಪಿಆರ್‌ಪಿಪಿ ಕೂರುವ ಕುಳಿಯಲ್ಲೇ. ಇಬ್ಬರಿಗೂ ಒಂದೇ ಜಾಗಕ್ಕೆ ಪೈಪೋಟಿ. ಸೊಗಸು ಇರುವುದು ಅದರ ಪಕ್ಕದಲ್ಲಿ. ಈ ಕಿಣ್ವದಲ್ಲಿ ನಾಲ್ಕು ಉಪಘಟಕಗಳು (ಪ್ರೋಟೀನ್ ತುಂಡುಗಳು), ಎರಡೆರಡರ ಜೋಡಿ. ಪ್ರತಿ ಕುಳಿಯ ಹತ್ತಿರ ಒಂದು ಸಡಿಲ ಕುಣಿಕೆ ತೂಗಾಡುತ್ತದೆ. ಎರಡು ಜೋಡಿಗಳು ಒಂದಕ್ಕೊಂದು ಅಂಟಿಕೊಂಡಾಗ ಆ ಕುಣಿಕೆ ಬದಿಗೆ ಸೆಳೆದುಕೊಂಡು ನಿಲ್ಲುತ್ತದೆ, ಕುಳಿ ತೆರೆದಿರುತ್ತದೆ, ಪಿಪಿಜಿಪಿಪಿ ಸಲೀಸಾಗಿ ಕೂರುತ್ತದೆ. ಆ ಅಂಟು ಇಲ್ಲದಿದ್ದರೆ ಕುಣಿಕೆ ಕುಳಿಯ ಮೇಲೆ ಬಂದು ಅಡ್ಡ ನಿಲ್ಲುತ್ತದೆ, ಹಿಡಿತ ಸಡಿಲ. ಕುಳಿ ಹಲವು ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚುಕಡಿಮೆ ಒಂದೇ ಥರ ಇದ್ದರೂ ನಿಯಂತ್ರಣ ಬೇರೆ ಬೇರೆ ಆಗಿರುವುದಕ್ಕೆ ಇದೊಂದು ದೊಡ್ಡ ಕಾರಣ. ನೆರಡಿ ರೋಗ (ಆಂಥ್ರಾಕ್ಸ್) ತರುವ ಬ್ಯಾಸಿಲಸ್ ಆಂಥ್ರಾಸಿಸ್‌ನ ಕಿಣ್ವದ ಹರಳುಗಳಲ್ಲೂ ಪಿಪಿಜಿಪಿಪಿ ಕೂತಿದ್ದನ್ನು ನೋಡಿದ್ದಾರೆ.

ಪ್ರಶ್ನೆ: ಹಸಿವಿಲ್ಲದಾಗ ಪಿಪಿಜಿಪಿಪಿ ಇರುವುದೇ ಇಲ್ವಾ?

ಉತ್ತರ: ಸ್ವಲ್ಪ ಇದ್ದೇ ಇರುತ್ತದೆ ತಂಗಿ, ಜಿಟಿಪಿ ಮಿತಿ ಮೀರದಂತೆ ನೋಡಿಕೊಳ್ಳುತ್ತದೆ. ಸೆಮಿನಾರ್‌ನಲ್ಲಿ ‘ಸ್ವಿಚ್’ ಅನ್ನಬೇಡ, ‘ರೆಗ್ಯುಲೇಟರ್’ ಅನ್ನು. ಫ್ಯಾನಿನ ರೆಗ್ಯುಲೇಟರ್ ಥರ ಅದು ಏರಿಳಿಯುತ್ತದೆ. ಮತ್ತೆ ನಾಲ್ಕು ಉಪಘಟಕದ ಚಿತ್ರವನ್ನು ನೀನೇ ಕೈಯಲ್ಲಿ ಬರೆ, ಕುಣಿಕೆಗೆ ಮಾತ್ರ ಕೆಂಪು ಹಚ್ಚು.